ಯೀಸ್ಟ್ ಜೋಡಿಯಾಗುವ ಹೊತ್ತು

ವಿಜಯಪುರ ಜಿಲ್ಲೆಯ ಬಬಲೇಶ್ವರ, ತಿಕೋಟಾ ಕಡೆಯ ತೋಟಗಳಲ್ಲಿ ಮಾಗಿದ ದ್ರಾಕ್ಷಿಯ ಮೇಲೆ ಬೂದಿ ಬಳಿದಂಥ ತೆಳು ಪದರ ಕಾಣುತ್ತದೆ. ಅದನ್ನು ಯೀಸ್ಟ್ ಎಂದು ತಿಳಿದವರು ಬಹಳ. ಅಸಲಿಗೆ ಅದು ಹಣ್ಣಿನದೇ ಮೇಣ. ಬ್ರೆಡ್ಡು, ವೈನಿಗೆ ಬೇಕಾದ ಸ್ಯಾಕರೋಮೈಸಿಸ್ ಸೆರಿವಿಸಿಯೇ ಗಟ್ಟಿ ಹಣ್ಣಿನ ಮೇಲೆ ಅಪರೂಪ. 1999ರಲ್ಲಿ ಸಂಶೋಧಕರಾದ ಮಾರ್ಟಿಮರ್ ಮತ್ತು ಪೋಲ್ಸಿನೆಲ್ಲಿ ಕೊಟ್ಟ ಲೆಕ್ಕದಂತೆ ಅದು ಸಿಗುವುದು ಸಾವಿರಕ್ಕೊಂದು ಹಣ್ಣಿನಲ್ಲಿ. ಸಿಪ್ಪೆ ಒಡೆದಿದ್ದರೆ ನಾಲ್ಕಕ್ಕೊಂದರಲ್ಲಿ. ಅಕಾಲಿಕ ಮಳೆಗೆ ಸೀಳಿದ ಗೊನೆ ರೈತನಿಗೆ ನಷ್ಟ, ಯೀಸ್ಟಿಗೆ ಊಟ.

ಸಕ್ಕರೆ ಇರುವ ತನಕ ಅದು ಮೊಗ್ಗುವಿಕೆಯಿಂದಲೇ ಬೆಳೆಯುತ್ತದೆ. ಅನುಕೂಲ ಚೆನ್ನಾಗಿದ್ದರೆ ಸುಮಾರು 90 ನಿಮಿಷಕ್ಕೊಂದು ಹೊಸ ಕೋಶ. ಶಾಲೆಯಲ್ಲಿ ನಾವು ನೋಡುವುದು ಇಷ್ಟನ್ನೇ.

ಸಾರಜನಕದ ಆಹಾರ ಮುಗಿದು ಹುದುಗಿಸಬಲ್ಲ ಸಕ್ಕರೆಯೂ ಇಲ್ಲವಾದಾಗ ಕಥೆ ಬದಲಾಗುತ್ತದೆ. 16 ಜೊತೆ ವರ್ಣತಂತುಗಳಿರುವ ಕೋಶ ತನ್ನೊಳಗೇ ಅರೆವಿಭಜನೆಗೊಂಡು ನಾಲ್ಕು ಬೀಜಕಗಳ ಚೀಲವಾಗುತ್ತದೆ. ಎರಡು ‘ಎ’ ಬಗೆಯವು, ಎರಡು ‘ಆಲ್ಫಾ’ ಬಗೆಯವು. ಮತ್ತೆ ಆಹಾರ ಸಿಕ್ಕಾಗ ಬೀಜಕ ಮೊಳೆಯುತ್ತದೆ, ಎರಡು ಬಗೆಗಳೂ ಒಂದನ್ನೊಂದು ಹುಡುಕುತ್ತವೆ. ಆಲ್ಫಾ ಕೋಶ ಹೊರಬಿಡುವ 13 ಅಮೈನೊ ಆಮ್ಲಗಳ ಪುಟ್ಟ ಸಂದೇಶ ತಾಕಿದೊಡನೆ ‘ಎ’ ಕೋಶ ಮೊಗ್ಗುವುದನ್ನು ನಿಲ್ಲಿಸಿ, ಸಂಕೇತ ಬಂದ ಕಡೆಗೆ ಮೂತಿ ಚಾಚುತ್ತದೆ. ಆಲ್ಫಾ ಕೋಶವೂ ಹಾಗೆಯೇ. ಮೂತಿಗಳು ಕೂಡಿ, ನಡುವಿನ ಗೋಡೆ ಕರಗಿ, ಎರಡು ಬೀಜಕೇಂದ್ರಗಳು ಒಂದಾಗುತ್ತವೆ. ಡಂಬೆಲ್‌ನಂಥ ಆ ಯುಗ್ಮದ ಸೊಂಟದಿಂದ ಮುಂದಿನ ಮೊಗ್ಗು ಹೊರಡುವುದನ್ನು 400 ಪಟ್ಟು ಹಿಗ್ಗಿಸುವ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಕಾಣಬಹುದು. ಇದಕ್ಕಿಂತ ಸೊಗಸಾದ ಪಾಠ ಜೀವಶಾಸ್ತ್ರದಲ್ಲಿ ಕಡಿಮೆ.

ಈ ಜೀವನಚಕ್ರವನ್ನು 1935ರಲ್ಲಿ ಖಚಿತಪಡಿಸಿದವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಓಯ್ವಿಂದ್ ವಿಂಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಮುನಿಯಪ್ಪ ಅವರ ತಂಡ, ಅರೆವಿಭಜನೆಯಲ್ಲಿ ವರ್ಣತಂತುಗಳು ಜೊತೆಗೂಡಲು ನೆರವಾಗುವ ಯೀಸ್ಟಿನ ಹಾಪ್1 ಪ್ರೋಟೀನ್ ಡಿಎನ್‌ಎಯನ್ನು ಹಿಡಿಯುವ ಬಗೆಯನ್ನು ಬಿಡಿಸಿಟ್ಟಿತು.

ಬಯಲಲ್ಲಿ ಈ ಮಿಲನ ನಡೆಯುವುದೆಲ್ಲಿ? ಇಟಲಿಯ ಸಂಶೋಧಕರು 2016ರಲ್ಲಿ ಒಂದು ತಾಣ ತೋರಿಸಿದರು: ಕಡಜದ ಕರುಳು. ಅಲ್ಲಿ ಬೇರೆ ಬೇರೆ ತಳಿಗಳಷ್ಟೇ ಅಲ್ಲ, ಹತ್ತಿರದ ಇನ್ನೊಂದು ಪ್ರಭೇದವೂ ಕೂಡಿಕೊಳ್ಳುತ್ತದೆ.

ಬೇಕರಿ ಯೀಸ್ಟಿನ ಪೊಟ್ಟಣದಲ್ಲಿ ಈ ಜೋಡಿಗಳನ್ನು ಹುಡುಕಿದರೆ ಸಿಗುವುದು ಕಷ್ಟ. ಅದರ ಕೋಶಗಳಲ್ಲಿ ವರ್ಣತಂತುಗಳು ಆಗಲೇ ಜೊತೆಗೂಡಿರುತ್ತವೆ. ಪ್ರಯೋಗಾಲಯದ ‘ಎ’ ಮತ್ತು ‘ಆಲ್ಫಾ’ ತಳಿಗಳನ್ನು ತರಿಸಿ ಬೆರೆಸಿದರೆ ಕೆಲವೇ ಗಂಟೆಗಳಲ್ಲಿ ಯುಗ್ಮಗಳು ಕಾಣುತ್ತವೆ. ಅವುಗಳಿಂದ ಬೆಳೆದ ಕೋಶಗಳನ್ನು ಪೊಟ್ಯಾಸಿಯಂ ಅಸಿಟೇಟಿನಲ್ಲಿ ಕೆಲವು ದಿನ ಇಟ್ಟರೆ ಬೀಜಕದ ಚೀಲಗಳೂ ಸಿದ್ಧ. ವಿಜಯಪುರ ಜಿಲ್ಲೆಯ ಕಾಲೇಜುಗಳ ಶಿಕ್ಷಕರು ಮುಂದಿನ ವರ್ಷದ ಪ್ರಯೋಗಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬೇಕು.