‘ಟೈಗರ್ ಬಾಮ್’: ಬೆಕ್ಕಿನ ಗುರುಗುಟ್ಟುವಿಕೆ ಮರಳಿ ತಟ್ಟೆಗೆ

ನ್ಯೂಜಿಲೆಂಡ್ ಮೂಲದ ಸಂಯೋಜಕಿ ಆನಿಯಾ ಲಾಕ್‌ವುಡ್ 1970ರಲ್ಲಿ ರಚಿಸಿದ ‘ಟೈಗರ್ ಬಾಮ್’ ಕೃತಿಯನ್ನು ಆಸ್ಟ್ರೇಲಿಯಾದ ಸಂಗೀತಗಾರ ಓರೆನ್ ಅಂಬಾರ್ಕಿ ನಡೆಸುವ ಬ್ಲ್ಯಾಕ್ ಟ್ರಫಲ್ ಸಂಸ್ಥೆ 2017ರಲ್ಲಿ ವಿನೈಲ್ ತಟ್ಟೆಯಾಗಿ ಮತ್ತೆ ಹೊರತಂದಿತು. ಇದು ಟೇಪ್ ಸಂಗೀತ, ಅಂದರೆ ವಾದಕರ ನೆರವಿಲ್ಲದೆ, ಮೊದಲೇ ಮುದ್ರಿಸಿಕೊಂಡ ಶಬ್ದಗಳನ್ನು ಕಾಂತೀಯ ಸುರುಳಿಯ ಮೇಲೆ ಕತ್ತರಿಸಿ, ಜೋಡಿಸಿ, ಬೆರೆಸಿ ಸಂಯೋಜಕರೊಬ್ಬರೇ ಕಟ್ಟುವ ಪ್ರಕಾರಕ್ಕೆ ಸೇರಿದ ಕೃತಿ.

1939ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಜನಿಸಿ, ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ ಕಲಿತ ಲಾಕ್‌ವುಡ್ 1961ರಲ್ಲಿ ಲಂಡನ್ನಿಗೆ ತೆರಳಿದಾಗ ಅವರ ತಾಯ್ನಾಡಿನ ಯಾವ ವಿಶ್ವವಿದ್ಯಾಲಯದಲ್ಲೂ ವಿದ್ಯುನ್ಮಾನ ಸಂಗೀತಕ್ಕೆ ಮೀಸಲಾದ ಸ್ಟುಡಿಯೊ ಇರಲಿಲ್ಲ. ಡಗ್ಲಸ್ ಲಿಲ್‌ಬರ್ನ್ ವೆಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಅಂಥದ್ದೊಂದನ್ನು ತೆರೆದದ್ದು 1966ರಲ್ಲಿ. ಯುರೋಪಿನಲ್ಲಿ ಗಾಟ್‌ಫ್ರೀಡ್ ಮೈಕೆಲ್ ಕ್ಯೋನಿಗ್ ಅವರ ಬಳಿ ಆಂದೋಲಕಗಳ, ಅಂದರೆ ವಿದ್ಯುತ್ ಕಂಪನದಿಂದಲೇ ಸ್ವರ ಹುಟ್ಟಿಸುವ ಉಪಕರಣಗಳ, ವಿದ್ಯೆಯನ್ನು ಕಲಿತರೂ, ಆ ಸ್ವರಗಳಿಗಿಂತ ಗಾಜು, ನೀರು, ಉಸಿರು ಮುಂತಾದವುಗಳ ಸಹಜ ಶಬ್ದವೇ ಒಳಗೊಳಗೆ ಹೆಚ್ಚು ಬದಲಾಗುತ್ತಿರುತ್ತದೆ ಎಂಬ ನಿಲುವಿಗೆ ಅವರು ಬಂದರು.

‘ಟೈಗರ್ ಬಾಮ್’ ಈ ನಿಲುವಿನ ಫಲ. ಬೆಕ್ಕಿನ ಗುರುಗುಟ್ಟುವಿಕೆ, ಹೃದಯದ ಬಡಿತ, ಜಾಗಟೆಗಳ ನಾದ, ನಮ್ಮ ಮೋರ್ಸಿಂಗ್ ಜಾತಿಯ ವಾದ್ಯದ ಮಿಡಿತ, ಹುಲಿಯ ಉಸಿರು, ಹೆಣ್ಣೊಬ್ಬಳ ಏದುಸಿರು, ವಿಮಾನದ ಮೊರೆತ—ಇವು ಒಂದರ ಮೇಲೊಂದು ಮುಗಿಬೀಳದೆ, ಒಂದು ಕರಗುತ್ತಿರುವಾಗಲೇ ಇನ್ನೊಂದು ಮೂಡುವಂತೆ ಬರುತ್ತವೆ. ಸೆಕೆಂಡಿಗೆ ಸುಮಾರು 25 ಮಿಡಿತಗಳಿರುವ ಬೆಕ್ಕಿನ ಗುರುಗುಟ್ಟುವಿಕೆಯನ್ನು ಕೇಳಿದ ಕಿವಿಗೆ ಜಾಗಟೆಯ ಅನುರಣನವೂ ವಿಮಾನದ ಮೊರೆತವೂ ಅದೇ ಕುಲದವೆಂದು ತೋರುತ್ತವೆ. ಪ್ರಾಣಿ, ವಾದ್ಯ, ಯಂತ್ರಗಳ ನಡುವಿನ ಗೆರೆಯನ್ನು ಕೃತಿ ಅಳಿಸುವುದು ಹೀಗೆ.

ಇಷ್ಟು ಮೆಲುದನಿಯ ಕೃತಿಗೆ ವಿನೈಲ್ ಸುಲಭದ ಮಾಧ್ಯಮವಲ್ಲ. ಮಂದ್ರ ಸ್ವರಗಳು ತಟ್ಟೆಯ ಗೀರನ್ನು ಅಗಲವಾಗಿ ಓಲಾಡಿಸಿ ಹೆಚ್ಚು ಜಾಗ ಬೇಡುವುದರಿಂದ, ಗೀರು ಕೊರೆಯುವಾಗ ಅವುಗಳನ್ನು ತಗ್ಗಿಸಿ, ನುಡಿಸುವಾಗ ಆಂಪ್ಲಿಫೈಯರಿನಲ್ಲಿ ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸುವ ಪದ್ಧತಿಯಿದೆ. ಜೊತೆಗೆ, ಜೋರಾದ ಸಂಗೀತದಲ್ಲಿ ಮುಚ್ಚಿಹೋಗುವ ಮುಳ್ಳಿನ ಸರಸರ ಸದ್ದು ಇಲ್ಲಿ ಬಯಲಾಗುತ್ತದೆ. ಆದರೆ 33⅓ ಸುತ್ತುಗಳ ತಟ್ಟೆಯ ಒಂದು ಬದಿಯಲ್ಲಿ 20 ನಿಮಿಷಗಳಷ್ಟು ಸಂಗೀತ ನೆಮ್ಮದಿಯಾಗಿ ಹಿಡಿಸುವುದರಿಂದ, ಇಡೀ ಕೃತಿಯನ್ನು ತುಂಡರಿಸದೆ ಕೇಳಿಸುವ ಅನುಕೂಲ ಅದಕ್ಕಿದೆ.

1971ರಲ್ಲಿ ಕ್ಯಾಲಿಫೋರ್ನಿಯಾದ ‘ಸೋರ್ಸ್’ ಪತ್ರಿಕೆ ಸಂಚಿಕೆಯೊಂದಿಗೆ ಕೊಟ್ಟ 10 ಇಂಚಿನ ತಟ್ಟೆಯಲ್ಲಿ ಈ ಸಂಗೀತ ಇತರ ಸಂಯೋಜಕರ ಪ್ರಯೋಗಗಳ ಸಾಲಿನಲ್ಲಿತ್ತು. ಅಪರೂಪದ ವಸ್ತುವನ್ನು ಸಂಗ್ರಾಹಕರ ಕೈಗೆ ಎಟುಕಿಸುವುದಷ್ಟೇ ಮರುಬಿಡುಗಡೆಯ ಕೆಲಸವಾಗಿದ್ದರೆ ಅದೊಂದೇ ಕೃತಿ ಸಾಕಿತ್ತು. 2017ರ ತಟ್ಟೆಯಾದರೋ ಅದರೊಂದಿಗೆ ಒಂದೇ ಸ್ನೇರ್ ಡ್ರಮ್ಮಿಗಾಗಿ ಬರೆದ ‘ಅಮೆಜೋನಿಯಾ ಡ್ರೀಮಿಂಗ್’ (1987) ಹಾಗೂ ತಾಳವಾದ್ಯಗಳ ‘ಇಮ್ಮರ್ಶನ್’ (1998) ಕೃತಿಗಳನ್ನೂ ಇಟ್ಟಿದೆ. ಟೇಪಿನ ಕೈಚಳಕವಿಲ್ಲದ ಈ ಎರಡರಲ್ಲೂ ಅದೇ ಸಾವಧಾನ, ಅದೇ ಅನುರಣನದ ಮೋಹ ಇರುವುದರಿಂದ, ‘ಟೈಗರ್ ಬಾಮ್’ ಒಂದು ಕಾಲದ ಯಂತ್ರಕುತೂಹಲವಾಗಿ ಉಳಿಯದೆ, 1982ರಲ್ಲಿ ಹಡ್ಸನ್ ನದಿಯ ಧ್ವನಿನಕ್ಷೆಯನ್ನು ರಚಿಸಿದ ಸಂಯೋಜಕಿಯ ಜೀವಮಾನದ ಆಲಿಸುವಿಕೆಯ ಮೊದಲ ಘಟ್ಟವಾಗಿ ಕಾಣುತ್ತದೆ. ನ್ಯೂಜಿಲೆಂಡಿನ ವಿದ್ಯುನ್ಮಾನ ಸಂಗೀತದ ಚರಿತ್ರೆಯನ್ನು ವೆಲಿಂಗ್ಟನ್ನಿನ ಸ್ಟುಡಿಯೊದಿಂದ ಮಾತ್ರ ಬರೆಯಲಾಗದು, ಅದು ಹುಟ್ಟುವ ಮೊದಲೇ ದೇಶ ಬಿಟ್ಟವರ ಕೃತಿಗಳನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು ಎಂಬುದಕ್ಕೆ ಈ ತಟ್ಟೆ ಒಂದು ಗಟ್ಟಿ ಆಧಾರ.