ರಣರಂಗದ ವಾರ್ತೆ ಬರೆದ ಸ್ತ್ರೀಯರು

ಸಕಲೇಶಪುರದಿಂದ ಮಂಗಳೂರಿನ ದಾರಿ ಹಿಡಿದು ಹೋಗುವವರಿಗೆ ದೋಣಿಗಾಲಿನ ಸಮೀಪದಲ್ಲಿ ಗುಡ್ಡದ ನೆತ್ತಿಯ ಮೇಲೆ ಮಂಜರಾಬಾದಿನ ಕೋಟೆಯಿರುವುದು ತಿಳಿದ ವಿಷಯವೇ. ಎಂಟು ಮೂಲೆಗಳ ನಕ್ಷತ್ರದಂತೆ ಕಟ್ಟಿರುವ ಈ ಕೋಟೆಯನ್ನು ಟಿಪ್ಪು ಸುಲ್ತಾನನು ೧೭೯೨ರ ಸುಮಾರಿನಲ್ಲಿ ಕಟ್ಟಿಸಿದನು. ಗುಡ್ಡವನ್ನು ಕವಿದಿದ್ದ ಮಂಜನ್ನು ಕಂಡು ಅವನೇ ಅದಕ್ಕೆ ಈ ಹೆಸರಿಟ್ಟನೆಂಬುದು ಐತಿಹ್ಯ. ಆಲೂರು ಸಕಲೇಶಪುರಗಳ ಈ ಬೆಟ್ಟದ ಸೀಮೆಯು ಇಂದು ಕಾಫಿ ಏಲಕ್ಕಿಗಳ ನೆಮ್ಮದಿಯ ನಾಡೆಂದು ಹೊರಗಿನವರಿಗೆ ತೋರಿದರೂ, ಇಲ್ಲಿಯೂ ಒಂದು ಕಾಲದಲ್ಲಿ ಯುದ್ಧವು ನಡೆದುಹೋಗಿದೆ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ, ಬಲಂ ಸೀಮೆಯ ಪಾಳೆಯಗಾರನಾದ ಐಗೂರಿನ ವೆಂಕಟಾದ್ರಿ ನಾಯಕನು ಸ್ವತಂತ್ರನಾಗಲು ಯತ್ನಿಸಿದನು. ಅವನ ಮೇಲೆ ದಂಡೆತ್ತಿ ಬಂದವನು ಆಂಗ್ಲ ಸೇನಾಪತಿ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ಪ್ರಸಿದ್ಧನಾದವನು ಇವನೇ. ೧೮೦೨ರ ಜನವರಿಯಲ್ಲಿ ಕಾಡಿನ ನಡುವಣ ಪಾಳೆಯಗಾರನ ನೆಲೆಯು ಇಂಗ್ಲಿಷರ ವಶವಾಯಿತು. ಫೆಬ್ರವರಿಯಲ್ಲಿ ನಾಯಕನು ಸೆರೆಸಿಕ್ಕಿ ನೇಣಿಗೇರಿದನು. ಈ ಸಂಗತಿಗಳು ನಮಗೆ ತಿಳಿದಿರುವುದು ಮುಖ್ಯವಾಗಿ ಗೆದ್ದವನು ತನ್ನ ಮೇಲಿನವರಿಗೆ ಬರೆದ ಪತ್ರಗಳಿಂದ. ಪಡೆ ಎತ್ತ ನಡೆಯಿತು, ದಾರಿ ಎಲ್ಲಿ ಕಡಿಯಲಾಯಿತು ಎಂಬುದನ್ನು ಆ ಪತ್ರಗಳು ಹೇಳುವುವು. ಆದರೆ ಆ ವಾರಗಳಲ್ಲಿ ಹೇಮಾವತಿಯ ಆಚೀಚೆಯ ಹಳ್ಳಿಗಳಲ್ಲಿ ಒಲೆ ಹೊತ್ತಿತೆ? ಕಣದಲ್ಲಿದ್ದ ಬತ್ತವನ್ನು ಯಾರು ಒಯ್ದರು? ಬಾಣಂತಿಯರು ಎಳೆಯ ಕೂಸುಗಳನ್ನೆತ್ತಿಕೊಂಡು ಯಾವ ಕಾಡಿನಲ್ಲಿ ಅಡಗಿದರು? ಈ ಪ್ರಶ್ನೆಗಳನ್ನು ಕೇಳಿ ಉತ್ತರ ಬರೆದಿಡುವ ಕಣ್ಣೊಂದು ಅಲ್ಲಿ ಇರಲಿಲ್ಲ.

ಯುದ್ಧವನ್ನು ಯಾರು ನೋಡಿ ಬರೆಯುವರೋ ಅವರ ಕಣ್ಣಿಗೆ ಬಿದ್ದಷ್ಟೇ ಮುಂದಿನವರಿಗೆ ಇತಿಹಾಸವಾಗಿ ಉಳಿಯುವುದು. ಬಹುಕಾಲದ ಪರ್ಯಂತ ಈ ಕೆಲಸವು ಗಂಡಸರದೇ ಆಗಿತ್ತು. ಈ ಕಟ್ಟನ್ನು ಮುರಿದು ರಣರಂಗಕ್ಕೆ ಹೋಗಿ ವಾರ್ತೆ ಬರೆದ ಕೆಲವು ಸ್ತ್ರೀಯರ ವೃತ್ತಾಂತವನ್ನು ನಮ್ಮ ಗೃಹಸ್ಥರ ಮತ್ತು ಗೃಹಿಣಿಯರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಸಾಲಿನಲ್ಲಿ ಮೊದಲಿಗರಲ್ಲೊಬ್ಬಳು ಅಮೆರಿಕದ ಮಾರ್ಗರೆಟ್ ಫುಲ್ಲರ್. ೧೮೪೯ರಲ್ಲಿ ಫ್ರೆಂಚರ ಸೈನ್ಯವು ರೋಮ್ ನಗರವನ್ನು ಮುತ್ತಿದಾಗ ಆಕೆಯು ಆ ನಗರದಲ್ಲಿಯೇ ನಿಂತು ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಗೆ ವರದಿಗಳನ್ನು ಬರೆದಳು. ಬರೆಯುವುದರ ಜೊತೆಗೆ ಗಾಯಾಳುಗಳ ಆಸ್ಪತ್ರೆಯೊಂದರ ಮೇಲ್ವಿಚಾರಣೆಯನ್ನೂ ವಹಿಸಿಕೊಂಡಿದ್ದಳು. ಮರುವರ್ಷ ಗಂಡನನ್ನೂ ಮಗುವನ್ನೂ ಕರೆದುಕೊಂಡು ಸ್ವದೇಶಕ್ಕೆ ಹಿಂದಿರುಗುತ್ತಿದ್ದಾಗ, ನ್ಯೂಯಾರ್ಕಿನ ಕರಾವಳಿಯ ಸಮೀಪದಲ್ಲಿಯೇ ಹಡಗು ಒಡೆದು ಮೂವರೂ ಮಡಿದರು. ರೋಮಿನ ಆ ಹೋರಾಟವನ್ನು ಕುರಿತು ಆಕೆ ಬರೆದಿಟ್ಟಿದ್ದ ಗ್ರಂಥವೂ ಸಮುದ್ರದ ಪಾಲಾಯಿತು.

ಎರಡನೆಯ ಮಹಾಯುದ್ಧದ ಆರಂಭವನ್ನು ಜಗತ್ತಿಗೆ ಮುಂಚಿತವಾಗಿ ಸೂಚಿಸಿದವಳೂ ಒಬ್ಬ ಸ್ತ್ರೀಯೇ. ಇಂಗ್ಲೆಂಡಿನ ಕ್ಲೇರ್ ಹಾಲಿಂಗ್‌ವರ್ತ್ ೧೯೩೯ರ ಆಗಸ್ಟಿನಲ್ಲಿ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಕೆಲಸಕ್ಕೆ ಸೇರಿ ಇನ್ನೂ ಒಂದು ವಾರವೂ ತುಂಬಿರಲಿಲ್ಲ. ಆಕೆಗೆ ಆಗ ಇಪ್ಪತ್ತೇಳು ವಯಸ್ಸು. ಪೋಲೆಂಡಿನ ಗಡಿಯಿಂದ ಆಂಗ್ಲ ಕಾನ್ಸಲ್ ಕಚೇರಿಯ ಮೋಟಾರನ್ನು ಎರವಲು ಪಡೆದು ಜರ್ಮನಿಯೊಳಕ್ಕೆ ಹೋದಳು. ಹಿಂದಿರುಗುವಾಗ ರಸ್ತೆಯ ಬದಿಯಲ್ಲಿ ಕಣಿವೆಯನ್ನು ಮರೆಮಾಡಿ ಗೋಣಿಬಟ್ಟೆಯ ಪರದೆ ಕಟ್ಟಿತ್ತು. ಗಾಳಿಗೆ ಪರದೆಯು ಹಾರಲು, ಅದರ ಹಿಂದೆ ಸಾಲುಸಾಲಾಗಿ ನಿಂತ ಟ್ಯಾಂಕುಗಳು ಕಾಣಿಸಿದವು. ಆಗಸ್ಟ್ ೨೯ರಂದು ಆ ಸುದ್ದಿಯು ಅಚ್ಚಾಯಿತು; ಬರೆದವಳ ಹೆಸರು ಮಾತ್ರ ಅದರಲ್ಲಿರಲಿಲ್ಲ. ಮೂರು ದಿನಗಳಲ್ಲಿ ಯುದ್ಧವು ಹೊತ್ತಿಕೊಂಡಿತು. ಆ ಮುಂಜಾನೆ ಆಕೆ ವಾರ್ಸಾದಲ್ಲಿದ್ದ ಅಧಿಕಾರಿಗೆ ಟೆಲಿಫೋನು ಮಾಡಿದಾಗ ಅವನು ನಂಬಲಿಲ್ಲ. ಆಕೆಯು ಮಾತು ಬೆಳೆಸಲಿಲ್ಲ; ಟೆಲಿಫೋನನ್ನು ಕಿಟಕಿಯ ಹೊರಕ್ಕೆ ಹಿಡಿದು ಟ್ಯಾಂಕುಗಳ ಸದ್ದನ್ನೇ ಅವನಿಗೆ ಕೇಳಿಸಿದಳು! ನೂರೈದು ವರ್ಷ ಬಾಳಿ ಆಕೆ ೨೦೧೭ರಲ್ಲಿ ತೀರಿಕೊಂಡಳು.

ಅಮೆರಿಕದ ಮಾರ್ತಾ ಗೆಲ್‌ಹಾರ್ನ್ ಎಂಬಾಕೆಯ ರೀತಿಯೇ ಬೇರೆ. ೧೯೩೭ರಲ್ಲಿ ಸ್ಪೇಯಿನ್ ದೇಶದ ಅಂತರ್ಯುದ್ಧದ ಕಾಲದಲ್ಲಿ ಆಕೆ ಮ್ಯಾಡ್ರಿಡ್ ನಗರದಲ್ಲಿದ್ದಳು. ಸೇನಾಪತಿಗಳ ವ್ಯೂಹಗಳನ್ನು ಕುರಿತು ತಾನು ಏನು ಬರೆಯಬಲ್ಲೆನೆಂದು ಮೊದಲು ಅಳುಕಿದ್ದವಳು, ಕಡೆಗೆ ತಾನು ಕಂಡ ಬೀದಿಯನ್ನೇ ಬರೆದಳು. ಗುಂಡುಗಳು ಬೀಳುತ್ತಿರಲು ಮಗುವಿನ ಕೈಹಿಡಿದು ಚೌಕವನ್ನು ದಾಟುತ್ತಿದ್ದ ಮುದುಕಿ, ಸಿಡಿದು ಬಂದ ಲೋಹದ ಚೂರು, ಸತ್ತ ಮಗು: ಆಕೆಯ ವರದಿಯಲ್ಲಿ ಯುದ್ಧವೆಂದರೆ ಇದು. ೧೯೪೪ರ ಜೂನ್ ೬ರಂದು ಮಿತ್ರರಾಷ್ಟ್ರಗಳ ಸೇನೆಯು ಫ್ರಾನ್ಸಿನ ತೀರದಲ್ಲಿ ಇಳಿಯುವುದಿತ್ತು. ಅಲ್ಲಿಗೆ ಹೋಗಲು ಸ್ತ್ರೀಯರಿಗೆ ಅಪ್ಪಣೆಯಿರಲಿಲ್ಲ. ಮಾರ್ತಾ ಆಸ್ಪತ್ರೆಯ ಹಡಗೊಂದನ್ನು ಹತ್ತಿ ಅದರ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಳು. ಹಡಗು ತೀರವನ್ನು ಸೇರಿದ ಮೇಲೆ, ಗಾಯಾಳುಗಳನ್ನು ಹೊರುವವರೊಡನೆ ತಾನೂ ನೀರಿಗಿಳಿದು ದಡಕ್ಕೆ ನಡೆದಳು. ಅಪ್ಪಣೆ ಮೀರಿದ್ದಕ್ಕಾಗಿ ಸೇನೆಯವರು ಆಕೆಯನ್ನು ಹಿಡಿದು ದಾದಿಯರ ಶಿಬಿರಕ್ಕೆ ಕಳುಹಿಸಿದರು. ಆದರೇನು, ವರದಿಯು ಅಷ್ಟರಲ್ಲಿ ಸಂಪಾದನೆಯಾಗಿತ್ತು.

ಸ್ತ್ರೀಯರನ್ನು ತಡೆಯುವುದಕ್ಕೆ ಅಧಿಕಾರಿಗಳು ಕೊಡುತ್ತಿದ್ದ ಕಾರಣಗಳನ್ನು ಕೇಳಿದರೆ ನಗೆ ಬರುವುದು. ೧೯೫೦ರಲ್ಲಿ ಕೊರಿಯದ ಯುದ್ಧಕ್ಕೆ ಹೋಗಿದ್ದ ಮಾರ್ಗರೀಟ್ ಹಿಗಿನ್ಸ್ ಎಂಬಾಕೆಯನ್ನು ಅಲ್ಲಿಯ ಸೇನಾಪತಿಯು ಹೊರಡಿಸಿದನು. ರಣರಂಗದಲ್ಲಿ ಹೆಂಗಸರಿಗೆ ತಕ್ಕ ಅನುಕೂಲಗಳಿಲ್ಲವೆಂಬುದು ಅವನ ವಾದ. ಆಕೆ ಸರ್ವಸೇನಾಧಿಪತಿ ಮ್ಯಾಕ್‌ಆರ್ಥರನಿಗೆ ದೂರು ಕೊಟ್ಟು ಆಜ್ಞೆಯನ್ನು ರದ್ದುಪಡಿಸಿಕೊಂಡಳು. ಮರುವರ್ಷ, ವಿದೇಶವಾರ್ತೆಗಾಗಿ ಕೊಡುವ ಪುಲಿಟ್ಜರ್ ಪಾರಿತೋಷಕದಲ್ಲಿ ಪಾಲು ಪಡೆದ ಮೊದಲ ಸ್ತ್ರೀಯಾದಳು. ಅದೇ ಕೊರಿಯದಲ್ಲಿ ಯುದ್ಧ ನಿಂತ ಬಳಿಕ, ಸೆರೆಯಾಳುಗಳ ಪ್ರಶ್ನೆಯನ್ನು ಬಿಡಿಸಲು ಏರ್ಪಟ್ಟ ತಟಸ್ಥ ರಾಷ್ಟ್ರಗಳ ಸಮಿತಿಗೆ ೧೯೫೩ರಲ್ಲಿ ಅಧ್ಯಕ್ಷರಾದವರು ನಮ್ಮ ನೆರೆಯ ಕೊಡಗಿನ ಜನರಲ್ ತಿಮ್ಮಯ್ಯನವರೆಂಬುದನ್ನು ವಾಚಕರು ಇಲ್ಲಿ ನೆನೆಯಬಹುದು.

ಇನ್ನು ನಮ್ಮ ದೇಶದ ಮಾತು. ೧೯೬೫ರಲ್ಲಿ ಪಾಕಿಸ್ತಾನದೊಡನೆ ಯುದ್ಧವಾದಾಗ ‘ಹಿಂದೂಸ್ತಾನ್ ಟೈಮ್ಸ್’ ಪತ್ರಿಕೆಯ ಪ್ರಭಾ ದತ್ತರು ತಮ್ಮನ್ನು ರಣರಂಗಕ್ಕೆ ಕಳುಹಿಸಬೇಕೆಂದು ಕೇಳಿಕೊಂಡರು. ಹೆಂಗಸಿಗೆ ಆ ಕೆಲಸ ಸಲ್ಲದೆಂದು ಉತ್ತರ ಬಂದಿತು. ಆಕೆಯು ವಾದಿಸದೆ, ಪಂಜಾಬಿನಲ್ಲಿರುವ ತಂದೆತಾಯಿಗಳನ್ನು ನೋಡಿಬರುವುದಾಗಿ ರಜೆ ಪಡೆದರು. ನೇರವಾಗಿ ಖೇಮ್‌ಕರಣದ ರಣಭೂಮಿಗೆ ಹೋಗಿ ಅಲ್ಲಿಂದ ವರದಿಗಳನ್ನು ಕಳುಹಿಸತೊಡಗಿದರು. ಪತ್ರಿಕೆಯು ಅವುಗಳನ್ನು ಅಚ್ಚುಹಾಕದೆ ವಿಧಿಯಿರಲಿಲ್ಲ. ೧೯೮೪ರಲ್ಲಿ, ಮಗಳಿನ್ನೂ ಬಾಲಕಿಯಾಗಿರುವಾಗಲೇ ಅವರು ತೀರಿಕೊಂಡರು. ಆ ಮಗಳಾದ ಬರ್ಖಾ ದತ್ತರು ೧೯೯೯ರ ಕಾರ್ಗಿಲ್ ಯುದ್ಧದ ವಾರ್ತೆಯನ್ನು ಟೆಲಿವಿಷನ್ನಿನ ಮೂಲಕ ದೇಶದ ಮನೆಮನೆಗೆ ಮುಟ್ಟಿಸಿದರು. ಅನಿತಾ ಪ್ರತಾಪರು ಸಿಂಹಳದ್ವೀಪದ ಅಂತರ್ಯುದ್ಧವನ್ನು ಅನೇಕ ವರ್ಷಗಳ ಕಾಲ ಅನುಸರಿಸಿ ಬರೆದರು. ೧೯೯೬ರಲ್ಲಿ ಕಾಬೂಲ್ ನಗರವು ತಾಲಿಬಾನರ ವಶವಾದುದನ್ನು ವರದಿ ಮಾಡಿ ಅಮೆರಿಕದ ಜಾರ್ಜ್ ಪೋಲ್ಕ್ ಪಾರಿತೋಷಕವನ್ನು ಪಡೆದರು.

ಕನ್ನಡ ನಾಡಿನಲ್ಲಿ ಸ್ತ್ರೀಯರ ಪತ್ರಿಕಾವ್ಯವಸಾಯವು ಮನೆಯೊಳಗಿನಿಂದಲೇ ಮೊಳೆಯಿತು. ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡ ನಂಜನಗೂಡು ತಿರುಮಲಾಂಬನವರು ‘ಕರ್ನಾಟಕ ನಂದಿನಿ’ಯನ್ನೂ, ಆರ್. ಕಲ್ಯಾಣಮ್ಮನವರು ‘ಸರಸ್ವತಿ’ಯನ್ನೂ ನಡೆಸಿದರು. ಫಿರಂಗಿಯ ಸದ್ದು ಅವರಿಗೆ ಕೇಳಿಸಲಿಲ್ಲವಾದರೂ, ಹೆಂಗಸು ತಾನು ಕಂಡುದನ್ನು ತನ್ನ ಹೆಸರಿನಲ್ಲಿ ಅಚ್ಚುಮಾಡಿಸಬಹುದೆಂಬುದನ್ನು ಅವರು ತೋರಿಸಿಕೊಟ್ಟರು. ಮುಂದಿನ ಹೆಜ್ಜೆಗಳಿಗೆ ನೆಲ ಸಿಕ್ಕಿದ್ದು ಹೀಗೆ. ನಮ್ಮ ಕಾಲದಲ್ಲಿ ಬೆಂಗಳೂರಿನ ಪತ್ರಕರ್ತೆ ನೂಪುರ್ ಬಸು ಅವರು, ನಾನಾ ದೇಶಗಳಲ್ಲಿ ಯುದ್ಧ ಕಲಹಗಳ ನಡುವೆ ಕೆಲಸ ಮಾಡುವ ಸ್ತ್ರೀ ವರದಿಗಾರರನ್ನು ಕುರಿತು ‘ವೆಲ್ವೆಟ್ ರೆವಲ್ಯೂಷನ್’ ಎಂಬ ಸಾಕ್ಷ್ಯಚಿತ್ರವನ್ನು ೨೦೧೭ರಲ್ಲಿ ಹೊರತಂದಿದ್ದಾರೆ.

ಇಷ್ಟನ್ನು ಓದಿದ ಮೇಲೆ ಮನೆಯ ಹಿರಿಯರಲ್ಲಿ ಒಂದು ಆಕ್ಷೇಪವು ಹುಟ್ಟುವುದು ಸಹಜ. ಸಾವಿನ ಬಾಯಿಗೆ ಹೆಣ್ಣುಮಕ್ಕಳನ್ನು ಕಳುಹಿಸುವುದು ಸರಿಯೆ? ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಡಿಕ್ಕಿ ಶಾಪೆಲ್ ಎಂಬ ಅಮೆರಿಕದ ಛಾಯಾಗ್ರಾಹಕಿ ೧೯೬೫ರಲ್ಲಿ ವಿಯೆಟ್ನಾಮಿನಲ್ಲಿ ಮಡಿದಳು. ಮೇರಿ ಕಾಲ್ವಿನ್ ೨೦೦೧ರಲ್ಲಿ ಸಿಂಹಳದಲ್ಲಿ ಒಂದು ಕಣ್ಣನ್ನು ಕಳೆದುಕೊಂಡು, ೨೦೧೨ರಲ್ಲಿ ಸಿರಿಯದ ಹೋಮ್ಸ್ ನಗರದಲ್ಲಿ ಪ್ರಾಣವನ್ನೇ ತೆತ್ತಳು. ಪ್ಯಾಲೆಸ್ಟೈನಿನ ಶಿರೀನ್ ಅಬು ಅಕ್ಲೆ ೨೦೨೨ರಲ್ಲಿ ಜೆನಿನ್ ಊರಿನಲ್ಲಿ ಗುಂಡಿಗೆ ಬಲಿಯಾದಳು. ಇವರ ಮನೆಗಳಲ್ಲಿಯೂ ಅತ್ತವರುಂಟು. ಆದರೆ ರಣರಂಗದ ವಾರ್ತೆ ಬರೆಯಹೋದ ಗಂಡಸರೂ ಸತ್ತಿದ್ದಾರೆ. ಅವರ ತಾಯಂದಿರ ಕಣ್ಣೀರು ಕಡಮೆಯದೇನೂ ಅಲ್ಲ. ಅಪಾಯವು ಇಬ್ಬರಿಗೂ ಸಮನಾದುದರಿಂದ, ಹೋಗುವುದೋ ಬಿಡುವುದೋ ಎಂಬ ತೀರ್ಮಾನವೂ ಇಬ್ಬರಿಗೂ ಅವರವರದೇ ಆಗಿರಬೇಕು.

ಹೆಂಗಸಾದುದರಿಂದ ಕರುಣೆ ಹೆಚ್ಚೆಂದು ನಾವು ಹೇಳುತ್ತಿಲ್ಲ. ಹಿಗಿನ್ಸ್ ಕಾಳಗವನ್ನು ಗಂಡಸರಂತೆಯೇ ಬರೆದಳು; ಹಾಲಿಂಗ್‌ವರ್ತ್ ಟ್ಯಾಂಕುಗಳನ್ನೇ ಬರೆದಳು. ಆದರೆ ಕೆಲವು ಬಾಗಿಲುಗಳು ಹೆಂಗಸಿಗೆ ಮಾತ್ರ ತೆರೆಯುವುವೆಂಬುದು ಸತ್ಯ. ಆಫ್ಘಾನಿಸ್ತಾನದಂಥ ದೇಶದಲ್ಲಿ ಪರಪುರುಷನು ಅಂತಃಪುರವನ್ನು ಹೊಗಲಾರನು. ಅಲ್ಲಿಯ ತಾಯಂದಿರ ಮಾತನ್ನು ಕೇಳಿ ಬರೆಯಬೇಕಾದರೆ ಸ್ತ್ರೀಯೇ ಹೋಗಬೇಕು. ೧೯೯೯ರಲ್ಲಿ ಪೂರ್ವ ತಿಮೋರಿನ ರಾಜಧಾನಿಯಲ್ಲಿ ಸುಮಾರು ೧,೫೦೦ ಮಂದಿ ಹೆಂಗಸರು ಮಕ್ಕಳು ವಿಶ್ವಸಂಸ್ಥೆಯ ಆವರಣದಲ್ಲಿ ಶತ್ರುಗಳ ನಡುವೆ ಸಿಲುಕಿದ್ದಾಗ, ಬಹುಮಂದಿ ವರದಿಗಾರರು ಹೊರಟುಹೋದರೂ ಮೇರಿ ಕಾಲ್ವಿನ್ ಅವರ ಸಂಗಡವೇ ನಿಂತು ವಾರ್ತೆ ಕಳುಹಿಸುತ್ತಿದ್ದಳು. ಕೆಲವು ದಿನಗಳಲ್ಲಿ ಅವರೆಲ್ಲರನ್ನೂ ಸುರಕ್ಷಿತವಾಗಿ ಹೊರಕ್ಕೆ ಸಾಗಿಸಲಾಯಿತು.

ವಾರ್ತೆಯಲ್ಲಿ ಏನು ಬಿಟ್ಟುಹೋಗುವುದೆಂಬುದು ನಮ್ಮ ಬೆಟ್ಟದ ಸೀಮೆಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಕಾಡಾನೆಯ ತುಳಿತಕ್ಕೆ ತೋಟದ ಆಳೊಬ್ಬನು ಸತ್ತರೆ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬರುವುದು: ಊರು, ವಯಸ್ಸು, ಪರಿಹಾರದ ಹಣ. ಮರುದಿನದಿಂದ ಆ ಮನೆಯ ಹೆಂಗಸು ಮಕ್ಕಳನ್ನು ಶಾಲೆಗೆ ಯಾವ ದಾರಿಯಲ್ಲಿ ಕಳುಹಿಸುವಳು, ಸಾಲಗಾರನಿಗೆ ಏನು ಹೇಳುವಳು, ಮುಸ್ಸಂಜೆಯಲ್ಲಿ ನಾಯಿ ಬೊಗಳಿದರೆ ಅವಳ ಎದೆ ಹೇಗೆ ನಡುಗುವುದು ಎಂಬುದು ಆ ಎರಡು ಸಾಲುಗಳಲ್ಲಿಲ್ಲ. ನೆರೆಯವರಿಗೆ ಮಾತ್ರ ಅದು ಗೊತ್ತು. ದೂರದ ಯುದ್ಧಗಳ ವಿಷಯದಲ್ಲಿ ನಮಗೆ ನೆರೆಯವರಾಗಿ ನಿಂತವರು ಈ ವರದಿಗಾರ್ತಿಯರು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಯುದ್ಧದ ಸುದ್ದಿಯನ್ನು ಓದುವಾಗ, ಇದನ್ನು ಕಣ್ಣಾರೆ ಕಂಡವರಾರು, ಅವರನ್ನು ಅಲ್ಲಿ ನಿಲ್ಲಗೊಟ್ಟವರಾರು, ಯಾರ ಮನೆಯ ಮಾತು ಇದರಲ್ಲಿ ಬಿಟ್ಟುಹೋಗಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಹಾಸನದಲ್ಲೋ ಮೈಸೂರಿನಲ್ಲೋ ಓದುತ್ತಿರುವ ಮಗಳು ಪತ್ರಿಕೆಯ ಕೆಲಸಕ್ಕೆ ಹೋಗುವೆನೆಂದರೆ, ಅದು ಹೆಣ್ಣಿಗೆ ಸಲ್ಲದೆಂದು ಒಂದೇ ಮಾತಿನಲ್ಲಿ ಮುಗಿಸಬಾರದು. ಅಪಾಯವನ್ನು ಮುಚ್ಚಿಡದೆ ತಿಳಿಸಿ, ಅವಳು ಏನನ್ನು ಕಂಡು ಬರೆಯಬೇಕೆಂದಿರುವಳೆಂಬುದನ್ನು ಕುಳಿತು ಕೇಳಬೇಕು. ಬಲಂ ಸೀಮೆಯ ತಾಯಂದಿರ ೧೮೦೨ರ ಕಥೆಯು ನಮಗೆ ತಪ್ಪಿಹೋಯಿತು. ಇಂದು ಯುದ್ಧದ ನಡುವೆ ಒಲೆಯ ಮುಂದೆ ಕುಳಿತಿರುವ ತಾಯಿಯ ಕಥೆಯು ಹಾಗೆ ತಪ್ಪಿಹೋಗದಿರಲಿ.