ಕಡವೆಯ ಜಾಡಿಗೆ ಮೊದಲು ಮಂಡಿಯ ಲೆಕ್ಕ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರ ಸಿಗುತ್ತದೆ. ಒಂದು ಕಡೆ ಬಾಳೆ, ಕಬ್ಬು. ಇನ್ನೊಂದು ಕಡೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು. ನೀವು ಆ ಊರಿನಿಂದ ಕಾಲೇಜಿಗೆ ಹೋಗುವವರು ಎಂದು ಇಟ್ಟುಕೊಳ್ಳೋಣ. ಕಬಡ್ಡಿ ಆಡುವಾಗ ಓಡುತ್ತಿದ್ದವರು ಗಕ್ಕನೆ ತಿರುಗಿದಿರಿ. ಮಂಡಿಯೊಳಗೆ 'ಪಟ್' ಎಂದಿತು. ಸಂಜೆಯ ಹೊತ್ತಿಗೆ ಮಂಡಿ ಊದಿಕೊಂಡಿತು. ಹರಿದ ಲಿಗಮೆಂಟಿಗೆ ಶಸ್ತ್ರಚಿಕಿತ್ಸೆಯೂ ಆಯಿತು. ಈಗ ಮೂರು ತಿಂಗಳು ಕಳೆದಿದೆ. ನೋವಿಲ್ಲ, ಕುಂಟೂ ಇಲ್ಲ. ಅಷ್ಟರಲ್ಲಿ ಕಾಡಿನ ಗಣತಿಗೆ ಸ್ವಯಂಸೇವಕರು ಬೇಕೆಂಬ ಸುದ್ದಿ ಬರುತ್ತದೆ. ಭದ್ರಾದಲ್ಲೋ ನಾಗರಹೊಳೆಯಲ್ಲೋ ಬೆಳಗಿನ ಜಾವ ಎದ್ದು ಕಡವೆಯನ್ನು ಹುಡುಕಿಕೊಂಡು ನಡೆಯುವ ಕೆಲಸ. ಹೋಗಬಹುದೇ?

ಕಡವೆಯ ಬೇಟೆಗೆ ನಮ್ಮಲ್ಲಿ ಈಗ ಉಳಿದಿರುವ ರೂಪ ಇದೊಂದೇ. ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಜಿಂಕೆಯ ಬೇಟೆಯ ಕೆತ್ತನೆಗಳನ್ನು ನೀವು ನೋಡಿರಬಹುದು. ದಕ್ಷಿಣದ ಕಾಡುಗಳಲ್ಲಿ ಬೇಟೆಯಾಡುತ್ತಿದ್ದ ಇಂಗ್ಲಿಷರು ನಮ್ಮ ಕಡವೆಯನ್ನು 'ಎಲ್ಕ್' ಎಂದೇ ಕರೆಯುತ್ತಿದ್ದರು. ಯುರೋಪಿನಲ್ಲಿ ಆ ಹೆಸರಿನ ಪ್ರಾಣಿ ಬೇರೆ, ಅಮೆರಿಕದಲ್ಲಿ ಅದೇ ಹೆಸರಿನದು ಮತ್ತೂ ಬೇರೆ. ಹೆಸರಿಡುವ ವಿಷಯದಲ್ಲಿ ಬೇಟೆಗಾರರು ಅಷ್ಟೇನೂ ಶಿಸ್ತಿನವರಲ್ಲ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ಕಡವೆಗೆ ಗುರಿಯಿಡುವುದು ಅಪರಾಧ. ಅಮೆರಿಕದ ಕೊಲೊರಾಡೊ, ಮೊಂಟಾನಾಗಳ ಪರ್ವತಗಳಲ್ಲಿ ಮಾತ್ರ ಶರತ್ಕಾಲದಲ್ಲಿ ಪರವಾನಗಿ ಪಡೆದು ಎಲ್ಕ್ ಬೇಟೆಯಾಡುವುದು ಇಂದಿಗೂ ಉಂಟು. ಕೆಲವು ಪ್ರದೇಶಗಳ ಪರವಾನಗಿಯನ್ನು ಚೀಟಿ ಎತ್ತಿ ಹಂಚುತ್ತಾರೆ. ಅದಕ್ಕಾಗಿ ವರ್ಷಗಟ್ಟಲೆ ಕಾದವರಿದ್ದಾರೆ. ಹಾಗೆ ಕಾದವನ ಮಂಡಿ ಆ ವರ್ಷವೇ ಕೈಕೊಟ್ಟರೆ ಅವನ ಸಂಕಟವೂ ನಿಮ್ಮ ಸಂಕಟವೂ ಒಂದೇ. ಏಕೆಂದರೆ ದೇಶದಾದ್ಯಂತ ನಡೆಯುವ ಹುಲಿ ಗಣತಿ 2006ರಿಂದ ನಾಲ್ಕು ವರ್ಷಕ್ಕೊಮ್ಮೆ ಬರುತ್ತಿದೆ. ಈ ಸಲ ತಪ್ಪಿದರೆ ಮುಂದಿನದರ ಹೊತ್ತಿಗೆ ನೀವು ಕಾಲೇಜಿನಲ್ಲೇ ಇರುವುದಿಲ್ಲ.

ಹುಲಿ ಗಣತಿ ಎಂದರೆ ಹುಲಿಯನ್ನಷ್ಟೇ ಎಣಿಸುವುದಲ್ಲ. ಕಡವೆ, ಚುಕ್ಕೆ ಜಿಂಕೆ, ಕಾಡುಕೋಣಗಳಿಲ್ಲದೆ ಹುಲಿಯಿಲ್ಲ. ಆದ್ದರಿಂದ ಕಾಡಿನಲ್ಲಿ ಎರಡು ಕಿಲೋಮೀಟರಿನ ನೇರ ಗೆರೆಗಳನ್ನು ಗುರುತಿಸಿ, ಅದರ ಮೇಲೆ ಸದ್ದಿಲ್ಲದೆ ನಡೆದು, ಕಂಡ ಪ್ರಾಣಿ ಯಾವುದು, ಎಷ್ಟು, ಎಷ್ಟು ದೂರದಲ್ಲಿತ್ತು ಎಂದು ಬರೆದುಕೊಳ್ಳುತ್ತಾರೆ. ಎರಡು ಕಿಲೋಮೀಟರ್ ಎಂದರೆ ಏನು ಮಹಾ, ಎನ್ನಬೇಡಿ. ಗೆರೆ ನೇರ, ನೆಲ ನೇರವಲ್ಲ. ಹಳ್ಳ ಬಂದರೆ ಇಳಿಯಬೇಕು, ದಿಬ್ಬ ಬಂದರೆ ಹತ್ತಬೇಕು. ಒಣಗಿದ ಎಲೆಯ ಮೇಲೆ ಕಾಲೆಳೆದು ನಡೆದರೆ ಕಡವೆಗೆ ನಿಮಗಿಂತ ಮೊದಲೇ ಸುದ್ದಿ ಮುಟ್ಟುತ್ತದೆ; ಅದು ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ ಒಮ್ಮೆ ಕೂಗಿತೆಂದರೆ ಸುತ್ತಲಿನ ಕಾಡೆಲ್ಲ ಎಚ್ಚರ. ಮಾಂಸಾಹಾರಿಗಳ ಹೆಜ್ಜೆ, ಹಿಕ್ಕೆ ಹುಡುಕುವ ದಿನಗಳಲ್ಲಂತೂ ಐದೈದು ಕಿಲೋಮೀಟರಿನ ನಡಿಗೆ. ಅಲ್ಲದೆ ನಮ್ಮ ಮಲೆನಾಡಿನ ಕಾಡುಗಳಲ್ಲಿ ಆನೆಗಳಿವೆ. ಆನೆ ಎದುರಾದಾಗ ಜೊತೆಗಿರುವ ಅರಣ್ಯ ಕಾವಲುಗಾರ 'ಓಡಿ' ಎಂದರೆ ಓಡಲೇಬೇಕು. ಆ ಗಳಿಗೆಯಲ್ಲಿ ನಿಮ್ಮ ಮಂಡಿ ಜಾರಿದರೆ ಅವನು ನಿಮ್ಮನ್ನು ಬಿಟ್ಟು ಓಡುವುದಿಲ್ಲ. ಹಾಗಾಗಿ ಅಪಾಯ ನಿಮ್ಮೊಬ್ಬರದೇ ಅಲ್ಲ.

ಈಗ ಮಂಡಿಯೊಳಗೆ ಏನಾಗಿದೆ ನೋಡೋಣ. ತೊಡೆಯ ಮೂಳೆ ಮೇಲೆ, ಕಣಕಾಲಿನ ಮೂಳೆ ಕೆಳಗೆ. ನಡುವೆ ಅರ್ಧಚಂದ್ರಾಕೃತಿಯ ಎರಡು ಮೆತ್ತೆಗಳು. ಕೀಲಿನ ಒಳಗೆ ಒಂದನ್ನೊಂದು ಅಡ್ಡ ಹಾಯುವ ಎರಡು ಗಟ್ಟಿ ಪಟ್ಟಿಗಳಿವೆ. ಇವೇ ಲಿಗಮೆಂಟುಗಳು, ಅಂದರೆ ಅಸ್ಥಿರಜ್ಜುಗಳು. ಮುಂದಿನದು ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿಯುತ್ತದೆ. ಕಬಡ್ಡಿ, ಫುಟ್‌ಬಾಲ್ ಆಟಗಳಲ್ಲಿ ಹೆಚ್ಚಾಗಿ ಹರಿಯುವುದು ಇದೇ. ಶಸ್ತ್ರವೈದ್ಯರು ಪೆನ್ಸಿಲ್ ಗಾತ್ರದ ದರ್ಶಕ ನಳಿಕೆಯನ್ನು ಒಳಗೆ ಇಳಿಸಿ, ಸಾಮಾನ್ಯವಾಗಿ ನಿಮ್ಮದೇ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ತೆಗೆದ ಸ್ನಾಯುರಜ್ಜುವನ್ನು ಹರಿದ ಪಟ್ಟಿಯ ಜಾಗದಲ್ಲಿ ಕಸಿ ಮಾಡುತ್ತಾರೆ.

ಬಾಳೆಯ ಕಂದನ್ನು ಕಿತ್ತು ಬೇರೆ ಕಡೆ ನೆಟ್ಟರೆ ಅದು ಮೊದಲು ಬಾಡುತ್ತದೆಯಲ್ಲವೆ? ಕಸಿಯೂ ಹಾಗೆಯೇ. ಕಿತ್ತೊಡನೆ ಅದರ ರಕ್ತದ ಸಂಪರ್ಕ ತಪ್ಪುತ್ತದೆ. ಹೊಸ ರಕ್ತನಾಳಗಳು ಬಂದು, ಹೊಸ ಜೀವಕೋಶಗಳು ಸೇರಿ, ಎಳೆಗಳು ಮತ್ತೆ ಹೆಣೆದುಕೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ನಡುವೆ, ಸುಮಾರು ಆರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ, ಅದು ನೆಟ್ಟ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ. ವಿಚಿತ್ರವೆಂದರೆ ಊತ ಇಳಿದು, ನೋವು ಮಾಯವಾಗಿ, 'ನನಗೇನಾಗಿದೆ' ಎಂಬ ಧೈರ್ಯ ಬರುವುದೂ ಅದೇ ವಾರಗಳಲ್ಲಿ. ನೋವು ಹೋಯಿತೆಂಬುದು ಚರ್ಮ, ಸ್ನಾಯುಗಳು ಮಾದಿದ ಸುದ್ದಿ, ಕಸಿಯ ಸುದ್ದಿಯಲ್ಲ. 2016ರಲ್ಲಿ ಪ್ರಕಟವಾದ, ನಾರ್ವೆ ಮತ್ತು ಅಮೆರಿಕದ ತಜ್ಞರ ಒಂದು ಅಧ್ಯಯನ ಇದನ್ನು ಅಂಕಿಗಳಲ್ಲಿ ತೋರಿಸಿತು: ತಿರುಗಿ ಜಿಗಿಯುವ ಆಟಗಳಿಗೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಮುಂದೂಡಿದಷ್ಟೂ, ಪ್ರತಿ ತಿಂಗಳಿಗೆ ಮಂಡಿ ಮತ್ತೆ ಗಾಯಗೊಳ್ಳುವ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಮೆತ್ತೆಯ ಚೂರನ್ನಷ್ಟೇ ಕತ್ತರಿಸಿ ತೆಗೆದಿದ್ದರೆ ಇಷ್ಟು ಕಾಯಬೇಕಿಲ್ಲ. ಮೆತ್ತೆಗೆ ಹೊಲಿಗೆ ಹಾಕಿದ್ದರೆ ಲೆಕ್ಕ ಮತ್ತೆ ಬೇರೆ. ನಿಮ್ಮದು ಯಾವುದೆಂದು ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. 'ಮಂಡಿ ಆಪರೇಷನ್' ಎಂದಷ್ಟೇ ಗೊತ್ತಿದ್ದರೆ ಏನೂ ಗೊತ್ತಿಲ್ಲದ ಹಾಗೆ.

ಹಾಗೆಂದು ಒಂಬತ್ತು ತಿಂಗಳು ಮಂಚದ ಮೇಲೆ ಕಳೆಯಬೇಕೆಂದಲ್ಲ. ತೊಡೆಯ ಮುಂಭಾಗದ ಸ್ನಾಯು ಕೆಲವೇ ವಾರಗಳಲ್ಲಿ ಸೊರಗುತ್ತದೆ. ಅಳತೆ ಟೇಪು ಹಿಡಿದರೆ ನಿಮಗೇ ಕಾಣುತ್ತದೆ. ಮೊದಲ ವಾರಗಳ ಕೆಲಸ ಮಂಡಿಯನ್ನು ಪೂರ್ತಿ ನೀಡಲು ಕಲಿಯುವುದು ಮತ್ತು ಆ ಸ್ನಾಯುವನ್ನು ಎಚ್ಚರಿಸುವುದು. ಇದು ಬೇಸರದ ಕೆಲಸ, ಆದರೆ ಬಿಟ್ಟರೆ ಮುಂದಿನದೆಲ್ಲ ಕುಂಟುತ್ತದೆ. ಆಮೇಲೆ ನಿಂತಲ್ಲೇ ತುಳಿಯುವ ಸೈಕಲ್, ಕಾಲುವೆಯ ಏರಿಯ ಮೇಲೆ ಸಮತಟ್ಟಾದ ನಡಿಗೆ. ವೈದ್ಯರೂ ಫಿಸಿಯೋಥೆರಪಿಸ್ಟರೂ ಒಪ್ಪಿದ ಮೇಲೆ ಏರು ದಾರಿ. ಈ ವಿಷಯದಲ್ಲಿ ಕಡ್ಡಿರಾಂಪುರದವರು ಅದೃಷ್ಟವಂತರು. ಹೇಮಕೂಟದ ಇಳಿಜಾರು ಬಂಡೆ ಮೊದಲ ತರಗತಿ. ಮಾತಂಗ ಬೆಟ್ಟದ ಕಡಿದಾದ ಮೆಟ್ಟಿಲುಗಳು ಅದರ ಮುಂದಿನದು. ಹೊಳೆಯಾಚೆಯ ಅಂಜನಾದ್ರಿಯ 575 ಮೆಟ್ಟಿಲುಗಳು ಕೊನೆಯ ಪರೀಕ್ಷೆ.

ಆ ಪರೀಕ್ಷೆಯಲ್ಲಿ ಹತ್ತುವುದಕ್ಕಿಂತ ಇಳಿಯುವುದಕ್ಕೆ ಹೆಚ್ಚು ಅಂಕ. ಹತ್ತುವಾಗ ಏದುಸಿರು ಬರುತ್ತದೆ, ಅದರಿಂದ ಅದೇ ಕಷ್ಟವೆಂದು ನಾವು ತಿಳಿಯುತ್ತೇವೆ. ಅಳತೆಯ ಉಪಕರಣವನ್ನು ಒಳಗೇ ಇಟ್ಟ ಕೃತಕ ಮಂಡಿಗಳಿಂದ ತಿಳಿದದ್ದು ಬೇರೆ. ಸಮನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ, ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗೂ ಹೆಚ್ಚು, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. ಇಳಿಯುವಾಗ ತೊಡೆಯ ಸ್ನಾಯು ಎಳೆಯುತ್ತಿರುವಾಗಲೇ ಉದ್ದವಾಗಬೇಕು. ಎತ್ತಿನ ಬಂಡಿಯನ್ನು ಇಳಿಜಾರಿನಲ್ಲಿ ತಡೆದು ತಡೆದು ಬಿಟ್ಟ ಹಾಗೆ. ಬೆನ್ನಿಗೆ ಹಾಕುವ ಚೀಲದ ಭಾರವನ್ನೂ ಈ ಲೆಕ್ಕದಲ್ಲೇ ನೋಡಬೇಕು. ಎರಡು ಕಿಲೋದಿಂದ ಪ್ರಾರಂಭಿಸಿ, ವಾರಕ್ಕಿಷ್ಟು ಎಂದು ಏರಿಸಿ. ಅಮೆರಿಕದ ಬೇಟೆಗಾರ ಎಲ್ಕಿನ ಮಾಂಸವನ್ನು ಒಂದೊಂದು ಸಲಕ್ಕೆ ಇಪ್ಪತ್ತೈದು ಮೂವತ್ತು ಕಿಲೋದಂತೆ ಹೊತ್ತು ಇಳಿಯುತ್ತಾನೆ. ನಿಮಗೆ ನೀರು, ಬುತ್ತಿ, ದುರ್ಬೀನು ಸಾಕು. ಕೈಯಲ್ಲೊಂದು ಬಿದಿರು ಕೋಲಿದ್ದರೆ ನಾಚಿಕೆಪಡಬೇಡಿ. ಕುರಿ ಕಾಯುವವರು ಅದನ್ನು ಸುಮ್ಮನೆ ಹಿಡಿದಿರುವುದಿಲ್ಲ.

ಪರದೇಶದ ಪುಸ್ತಕಗಳಲ್ಲಿ ಇಲ್ಲದ ಒಂದು ಮಾತು: ನಮ್ಮದು ನೆಲದ ಮೇಲಿನ ಬದುಕು. ಊಟಕ್ಕೆ ಚಕ್ಕಳಮಕ್ಕಳ, ಶೌಚಕ್ಕೆ ಕುಕ್ಕರುಗಾಲು. ಗಣತಿಯ ಶಿಬಿರದಲ್ಲಿಯೂ ಹಾಗೆಯೇ. ಹಾಗೆ ಆಳವಾಗಿ ಮಡಿಸಿದಾಗ ಮೆತ್ತೆಗಳ ಹಿಂಭಾಗ ಹಿಂಡಿಹೋಗುತ್ತದೆ. ಹೊಲಿಗೆ ಹಾಕಿದ್ದರಂತೂ ಹಲವು ತಿಂಗಳು ನಿಷಿದ್ಧ. ನಡಿಗೆಗೆ ಸಿದ್ಧವಾದ ಮಂಡಿ ಕುಕ್ಕರಿಸಲು ಸಿದ್ಧವಾಗಿಲ್ಲದಿರಬಹುದು. ಇದನ್ನು ಪ್ರತ್ಯೇಕವಾಗಿ ಕೇಳಿ ತಿಳಿಯಿರಿ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸಿ, ಕುಸ್ತಿ ಹಿಡಿದು, ಅನಂತರ ಕುದುರೆ ಏರುತ್ತಿದ್ದನೆಂದು ಬರೆದಿದ್ದಾನೆ. ದಿನವೂ, ತಪ್ಪದೆ. ಎಣ್ಣೆ ಕುಡಿಯುವುದನ್ನು ನೀವು ಅನುಕರಿಸಬೇಕಿಲ್ಲ. ಆದರೆ ಎಣ್ಣೆ ಎಂದಾಗ ನೆನಪಾಗುವುದು ಮನೆಯ ಹಿರಿಯರು. ಶಸ್ತ್ರಚಿಕಿತ್ಸೆಯಾದ ಕಾಲಿಗೆ 'ಸ್ವಲ್ಪ ಎಣ್ಣೆ ತಿಕ್ಕಿ ನೀವಿಸಿಕೋ, ತಮ್ಮಾ' ಎಂದು ಅಜ್ಜಿ ಪ್ರೀತಿಯಿಂದಲೇ ಹೇಳುತ್ತಾರೆ. ಮೀನಖಂಡ ನೋಯುತ್ತ ಊದಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು; ಅದನ್ನು ನೀವಿದರೆ ಗಡ್ಡೆ ಜಾರಿ ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಮೀನಖಂಡದ ಊತ, ಜ್ವರ, ಗಾಯದಿಂದ ಕೀವು ಕಂಡರೆ ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಆ ಕ್ಷಣವೇ.

ಇನ್ನು ನಮ್ಮ ಪ್ರಶ್ನೆ. ಮೂರು ತಿಂಗಳಾಗಿದೆ, ಗಣತಿಗೆ ಹೋಗಬಹುದೇ? ಲಿಗಮೆಂಟಿನ ಕಸಿಯಾಗಿದ್ದರೆ ಈ ಸಲ ಕಾಡಿನ ಗೆರೆಯ ಮೇಲೆ ಬೇಡ. ಒಂಬತ್ತು ತಿಂಗಳು ತುಂಬಿ, ಗಾಯದ ಕಾಲಿನ ಬಲ ಇನ್ನೊಂದರ ಶೇಕಡಾ 90ರಷ್ಟಾದರೂ ಬಂದಿದೆಯೆಂದು ಫಿಸಿಯೋಥೆರಪಿಸ್ಟರು ಅಳೆದು ಹೇಳಿದ ಮೇಲೆ, ಅಂಜನಾದ್ರಿಯನ್ನು ಚೀಲ ಹೊತ್ತು ಹತ್ತಿ ಇಳಿದು, ಮರುದಿನ ಬೆಳಿಗ್ಗೆ ಎರಡೂ ಮಂಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಊತವಿಲ್ಲದಿದ್ದರೆ ಸರಿ, ಇದ್ದರೆ ಎರಡು ವಾರ ಹಿಂದಕ್ಕೆ. ಈ ಸಲ ಗಣತಿಗೆ ಹೆಸರು ಕೊಡುವುದಾದರೆ ಅರ್ಜಿಯಲ್ಲಿ ಶಸ್ತ್ರಚಿಕಿತ್ಸೆಯ ತಿಂಗಳನ್ನು ಮುಚ್ಚಿಡಬೇಡಿ. ಶಿಬಿರದಲ್ಲಿ ಕುಳಿತು ನಮೂನೆಗಳನ್ನು ಸರಿಪಡಿಸುವ ಕೆಲಸವಿದೆಯೇ ಎಂದು ಕೇಳಿ. ಅದೂ ಇಲ್ಲವಾದರೆ ಸಂಡೂರು ತಾಲ್ಲೂಕಿನ ದರೋಜಿ ಕರಡಿಧಾಮಕ್ಕೆ ಹೋಗಿ. 1994ರಲ್ಲಿ ಘೋಷಿತವಾದ ಆ ಧಾಮದ ವೀಕ್ಷಣಾ ಗೋಪುರದಿಂದ, ಸಂಜೆ ಬಂಡೆಗಳ ಮೇಲಿಂದ ಇಳಿದು ಬರುವ ಕರಡಿಗಳನ್ನು ಕುಳಿತಲ್ಲೇ ಎಣಿಸಬಹುದು.